ಕಂಚಿಗೆ ಎರಡು ದಿನ: ಕನ್ನಡಿಗರಿಗೊಂದು ಹಾದಿನಕ್ಷೆ

ಕಂಚಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಾಮಾಕ್ಷಿ ದರ್ಶನ ಆಯ್ತು, ಬಂಗಾರದ ಹಲ್ಲಿ ಮುಟ್ಟಿದೆವು, ಸೀರೆ ತಗೊಂಡೆವು, ಸಂಜೆ ತಿರುಪತಿಗೆ ಹೊರಟೆವು. ಅರ್ಧ ದಿನದ ಊರು ಅಂತ ಕಂಚಿಗೆ ಹೆಸರೇ ಬಂದುಬಿಟ್ಟಿದೆ.

ಬೇರೆಯವರು ಹಾಗೆ ಮಾಡಿದರೆ ಮಾಡಲಿ, ಕನ್ನಡಿಗರು ಮಾಡಬಾರದು. ನಮ್ಮ ಮೊದಲ ರಾಜಮನೆತನ ಹುಟ್ಟಿದ್ದೇ ಈ ಊರಿನಲ್ಲಿ ನಡೆದ ಒಂದು ಜಗಳದಿಂದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಆ ಕತೆ ಹೇಳುತ್ತದೆ. ಮಯೂರಶರ್ಮ ಎಂಬ ಹುಡುಗ ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಬಂದ. ಘಟಿಕೆ ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಅವಮಾನವಾಯಿತು. ಹುಡುಗ ದರ್ಭೆ ಬಿಟ್ಟು ಕತ್ತಿ ಹಿಡಿದ. ಬನವಾಸಿಯ ಕದಂಬ ರಾಜ್ಯ ಶುರುವಾಯಿತು. ಇದು 4ನೇ ಶತಮಾನದ ಮಾತು. ಆಮೇಲೆ ಚಾಲುಕ್ಯರು ಬಂದರು, ರಾಷ್ಟ್ರಕೂಟರು ಬಂದರು, ವಿಜಯನಗರದವರು ಬಂದರು. ಎಲ್ಲರೂ ಈ ಊರಿನಲ್ಲಿ ಏನಾದರೊಂದು ಬಿಟ್ಟು ಹೋಗಿದ್ದಾರೆ. ಅದನ್ನು ಹುಡುಕಿಕೊಂಡು ಎರಡು ದಿನ ಹೇಗೆ ಸುತ್ತಬೇಕು ಅನ್ನೋದು ಇಲ್ಲಿದೆ. ದೇವರ ದರ್ಶನವೂ ಆಗುತ್ತದೆ, ಸೀರೆಯೂ ಬರುತ್ತದೆ, ಚಿಂತೆ ಬೇಡ.

ಹೊರಡುವ ಮುನ್ನ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ ಆ ಕಡೆ ಜೋರು, ಡಿಸೆಂಬರಿನಲ್ಲೂ ಒಂದೆರಡು ದಿನ ಕೈಕೊಡಬಹುದು. ಏಪ್ರಿಲ್ ಮೇಲೆ ಬೇಡವೇ ಬೇಡ. ಬಿಸಿಲು ತಡೆಯಬಹುದು, ಕಾದ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವುದನ್ನು ತಡೆಯಲಾಗುವುದಿಲ್ಲ. ಯಾವ ತಿಂಗಳಲ್ಲಿ ಹೋದರೂ ಚೀಲದಲ್ಲಿ ಹಳೆಯದೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಚಪ್ಪಲಿ ಹೊರಗೆ ಬಿಟ್ಟ ಮೇಲೆ ಅದೇ ಗತಿ.

ಜನಜಂಗುಳಿ ಇಷ್ಟವಿದ್ದರೆ ಉತ್ಸವದ ಸಮಯ ನೋಡಿಕೊಂಡು ಹೋಗಬಹುದು. ಫೆಬ್ರವರಿ-ಮಾರ್ಚ್ ಹೊತ್ತಿಗೆ ಕಾಮಾಕ್ಷಿಯ ಬ್ರಹ್ಮೋತ್ಸವ, ಮಾರ್ಚ್-ಏಪ್ರಿಲ್ ಹೊತ್ತಿಗೆ ಏಕಾಂಬರನಾಥನ ಪಂಗುನಿ ಉತ್ತಿರ, ಮೇ-ಜೂನ್ ಹೊತ್ತಿಗೆ ವರದರಾಜನ ಗರುಡಸೇವೆ. ಶಿಲ್ಪ, ಶಾಸನ ನೋಡಬೇಕೆನ್ನುವವರು ಈ ದಿನಗಳನ್ನು ಬಿಟ್ಟು ಹೋಗುವುದೇ ವಾಸಿ.

ಬೆಂಗಳೂರಿನಿಂದ ಕಾರಿನಲ್ಲಿ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾರಿಯಾಗಿ ಸುಮಾರು 280 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಬಿಟ್ಟರೂ ಹೆದ್ದಾರಿಯ ತಿಂಡಿ, ಕಾಫಿ ಮುಗಿಸಿ ಸೇರುವ ಹೊತ್ತಿಗೆ ಹನ್ನೊಂದಾಗುತ್ತದೆ. ಅಷ್ಟರಲ್ಲಿ ದೇವಸ್ಥಾನ ಮುಚ್ಚುವ ಸಮಯ. ಹಾಗಾಗಿ ಹಿಂದಿನ ದಿನ ಸಂಜೆಯೇ ಹೋಗಿ ರಾತ್ರಿ ಅಲ್ಲೇ ತಂಗುವುದು ಒಳ್ಳೆಯದು. ರೈಲಾದರೆ ಚೆನ್ನೈ ಕಡೆಯ ಗಾಡಿ ಹಿಡಿದು ಅರಕ್ಕೋಣಂನಲ್ಲಿ ಇಳಿಯಿರಿ. ಅಲ್ಲಿಂದ ಚೆಂಗಲ್ಪಟ್ಟುವಿಗೆ ಹೋಗುವ ಕವಲು ಮಾರ್ಗದಲ್ಲಿ ಕಂಚಿ ಸಿಗುತ್ತದೆ. ನಿಮ್ಮ ಗಾಡಿ ಅರಕ್ಕೋಣಂನಲ್ಲಿ ನಿಲ್ಲದಿದ್ದರೆ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನಿಂದ ಬಸ್ಸು ಹಿಡಿಯಬಹುದು. ಚೆನ್ನೈನಿಂದ ಬರುವವರಿಗೆ 75 ಕಿಲೋಮೀಟರ್ ಅಷ್ಟೇ.

ಇನ್ನೊಂದು ಮಾತು. ಮಹಾಬಲಿಪುರವನ್ನೂ ಇದೇ ಎರಡು ದಿನದಲ್ಲಿ ಸೇರಿಸಬೇಡಿ. ಹಳೆಯ ಪುಸ್ತಕಗಳಲ್ಲಿ ಅದು ಕಾಂಚೀಪುರಂ ಜಿಲ್ಲೆ ಎಂದಿರುತ್ತದೆ. 2019ರಲ್ಲಿ ಜಿಲ್ಲೆ ಒಡೆದು ಚೆಂಗಲ್ಪಟ್ಟು ಬೇರೆಯಾಯಿತು, ಮಹಾಬಲಿಪುರ ಆ ಕಡೆ ಹೋಯಿತು. ಜಿಲ್ಲೆಯ ಮಾತು ಬಿಡಿ, ಸಮುದ್ರ ಕಂಡ ಮೇಲೆ ಮಕ್ಕಳು ವಾಪಸ್ ಬರುವುದಿಲ್ಲ.

ಊರಿನ ಅಂದಾಜು ಮತ್ತು ಗಡಿಯಾರ

ಕಂಚಿಯಲ್ಲಿ ಮೂರು ಭಾಗ. ಬಸ್ ನಿಲ್ದಾಣ, ಕಾಮಾಕ್ಷಿ, ಏಕಾಂಬರನಾಥ, ಕೈಲಾಸನಾಥ ಇರುವುದು ಶಿವಕಂಚಿ, ಅಂದರೆ ಪೆರಿಯ ಕಾಂಚಿ. ಆಗ್ನೇಯಕ್ಕೆ ಮೂರು ಕಿಲೋಮೀಟರ್ ಹೋದರೆ ವರದರಾಜನ ವಿಷ್ಣುಕಂಚಿ, ಅಲ್ಲಿನವರ ಬಾಯಲ್ಲಿ ಚಿನ್ನ ಕಾಂಚಿ. ವೇಗವತಿ ಹೊಳೆಯ ಆಚೆ ತಿರುಪ್ಪರುತ್ತಿಕುಂಡ್ರಂ, ಅದು ಜಿನಕಂಚಿ. ಬೌದ್ಧರೂ ಇಲ್ಲಿ ಒಂದು ಕಾಲಕ್ಕೆ ಜೋರಾಗಿದ್ದರು, ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ 7ನೇ ಶತಮಾನದಲ್ಲಿ ಬಂದು ನೋಡಿ ಬರೆದಿದ್ದಾನೆ. ಈಗ ಅವರ ಗುರುತು ಹೆಚ್ಚು ಉಳಿದಿಲ್ಲ.

ಗಡಿಯಾರದ ವಿಷಯ ಮುಖ್ಯ. ದೇವಸ್ಥಾನಗಳೆಲ್ಲ ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಹಾಕಿ ನಾಲ್ಕರ ಸುಮಾರಿಗೆ ತೆಗೆಯುತ್ತಾರೆ. ಬೆಳಿಗ್ಗೆ ಆರರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಎಂಟು, ಇಷ್ಟೇ ನಿಮ್ಮ ಕೈಯಲ್ಲಿರುವುದು. ನಡುವಿನ ನಾಲ್ಕು ಗಂಟೆ ಮಗ್ಗಕ್ಕೆ, ಊಟಕ್ಕೆ, ನಿದ್ದೆಗೆ. ಆಟೋದವರ ಹತ್ತಿರ ದೇವಸ್ಥಾನಗಳ ಹೆಸರು ಹೇಳಿ ಒಂದು ಹೊತ್ತಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಜೊತೆಗೆ “ಸೀರೆ ಅಂಗಡಿ ಬೇಡ” ಅನ್ನುವುದನ್ನೂ ಆಗಲೇ ಹೇಳಿಬಿಡಿ.

ಮೊದಲ ದಿನ ಬೆಳಿಗ್ಗೆ: ಕೈಲಾಸನಾಥ

ಎಲ್ಲರೂ ಕಾಮಾಕ್ಷಿಯಿಂದ ಶುರು ಮಾಡುತ್ತಾರೆ. ನೀವು ಕೈಲಾಸನಾಥದಿಂದ ಮಾಡಿ. ಊರಿನ ಪಶ್ಚಿಮದ ತುದಿಯಲ್ಲಿದೆ. ಬೆಳಗಿನ ಹೊತ್ತು ಜನ ಕಮ್ಮಿ, ಓರೆ ಬಿಸಿಲಿನಲ್ಲಿ ಶಿಲ್ಪಗಳು ಎದ್ದು ಕಾಣುತ್ತವೆ. ಪಲ್ಲವರ ರಾಜಸಿಂಹ, ಅಂದರೆ ಇಮ್ಮಡಿ ನರಸಿಂಹವರ್ಮ, 8ನೇ ಶತಮಾನದ ಶುರುವಿನಲ್ಲಿ ಕಟ್ಟಿಸಿದ್ದು. ಕಂಚಿಯಲ್ಲಿ ಪೂರ್ತಿಯಾಗಿ ಉಳಿದಿರುವ ಹಳೆಯ ಗುಡಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಈಗ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಪೂಜೆಯೂ ನಡೆಯುತ್ತದೆ.

ಒಳಗೆ ಹೋದವರು ಸೀದಾ ಗರ್ಭಗುಡಿಗೆ ನುಗ್ಗಬೇಡಿ. ಮೊದಲು ಪ್ರಾಕಾರದ ಗೋಡೆಗುಂಟ ಒಂದು ಸುತ್ತು ಹಾಕಿ. ಒಳಗೋಡೆಗೆ ಅಂಟಿಕೊಂಡಂತೆ 58 ಪುಟ್ಟ ಗುಡಿಗಳಿವೆ. ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟೇ ಜಾಗ. ಕೆಲವದರಲ್ಲಿ ತಲೆ ಒಳಗೆ ಹಾಕಿ ಕಣ್ಣು ಹೊಂದುವವರೆಗೆ ಕಾಯಿರಿ. ಗಾರೆಯ ಮೇಲೆ ಕೆಂಪು ಗೆರೆ, ಒಂದು ಕಣ್ಣು, ಕಿರೀಟದ ತುದಿ, ಕೈಯ ಬೆರಳು, ಹೀಗೆ ಚೂರು ಚೂರಾಗಿ ಪಲ್ಲವರ ಕಾಲದ ಬಣ್ಣದ ಚಿತ್ರಗಳು ಕಾಣುತ್ತವೆ. ಇಡೀ ದೇವಸ್ಥಾನ ಒಂದು ಕಾಲಕ್ಕೆ ಬಣ್ಣದಲ್ಲಿತ್ತು ಅಂತ ಆಗ ಹೊಳೆಯುತ್ತದೆ.

ಈ ಪುಟ್ಟ ಗುಡಿಗಳ ಬುಡದಲ್ಲಿ ಅಕ್ಷರಗಳಿವೆ, ಗಮನಿಸಿ. ಎಲ್ಲ ರಾಜಸಿಂಹನ ಬಿರುದುಗಳು. ನೂರಾರು. ಒಂದೇ ಬಿರುದನ್ನು ಬೇರೆ ಬೇರೆ ಬಗೆಯ ಲಿಪಿಯಲ್ಲಿ ಮತ್ತೆ ಮತ್ತೆ ಕೆತ್ತಿಸಿದ್ದಾನೆ. ಹೊಗಳಿಕೆಯ ಮೇಲೆ ಇಷ್ಟು ಪ್ರೀತಿ ಇದ್ದ ರಾಜ ಇನ್ನೊಬ್ಬನಿರಲಿಕ್ಕಿಲ್ಲ.

ಶಿಲ್ಪ ನೋಡುವಾಗ ಒಂದು ಎಚ್ಚರ. ಕಲ್ಲು ಮರಳುಗಲ್ಲು, ಸವೆಯುತ್ತದೆ. ಹಿಂದಿನವರು ರಿಪೇರಿ ಮಾಡುತ್ತೇವೆಂದು ಮೇಲೆ ಗಾರೆ ಮೆತ್ತಿದ್ದಾರೆ. ಊದಿಕೊಂಡಂತೆ, ಮೊಂಡಾಗಿ ಕಾಣುವ ಮುಖಗಳು ಗಾರೆಯವು. ಗಾರೆ ಉದುರಿದ ಕಡೆ ಅಡಿಯಿಂದ ಇಣುಕುವ ತೆಳ್ಳಗಿನ, ಉದ್ದನೆಯ ಮೈಕಟ್ಟು ಪಲ್ಲವರದ್ದು. ಮೂಲೆಮೂಲೆಗೂ ಹಿಂಗಾಲ ಮೇಲೆ ಎದ್ದು ನಿಂತ ಸಿಂಹದ ಕಂಬಗಳಿವೆ. ಪಲ್ಲವರ ಗುರುತು ಹಿಡಿಯಲು ಅಷ್ಟು ಸಾಕು.

ಈಗ ಕನ್ನಡದ ವಿಷಯ. ಗರ್ಭಗುಡಿಯ ಮುಂದೆ ದಪ್ಪ ಕಂಬಗಳ ಮಂಟಪವಿದೆ. ಅದರ ಕಂಬವೊಂದರ ಹಿಂಬದಿಯಲ್ಲಿ ಹಳಗನ್ನಡದ ಶಾಸನವಿದೆ. ಸುಮ್ನೆ ಹುಡುಕಿದರೆ ಸಿಗುವುದಿಲ್ಲ. ಅಲ್ಲಿನ ಸಿಬ್ಬಂದಿಯ ಹತ್ತಿರ “ಕನ್ನಡ ಕಲ್ವೆಟ್ಟು” ಎಂದು ಕೇಳಿ. ಓದಲು ಹೋದರೆ ನಮಗೆ ಒಂದಕ್ಷರವೂ ಹತ್ತುವುದಿಲ್ಲ, ಲಿಪಿ ಅಷ್ಟು ಹಳೆಯದು. ಕತೆ ಗೊತ್ತಿದ್ದರೆ ಸಾಕು.

642ರಲ್ಲಿ ಪಲ್ಲವರ ಮೊದಲನೇ ನರಸಿಂಹವರ್ಮ ಬಾದಾಮಿಯ ಮೇಲೆ ಬಿದ್ದ. ಇಮ್ಮಡಿ ಪುಲಕೇಶಿಯ ರಾಜಧಾನಿ ಸೂರೆಯಾಯಿತು. ಗೆದ್ದವನು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಬರೆಸಿ ಬಂದ. ಬಾದಾಮಿಯವರು ಅದನ್ನು ಮರೆಯಲಿಲ್ಲ. ನೂರು ವರ್ಷದ ಸುಮಾರಿಗೆ ಅದೇ ಮನೆತನದ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ದಂಡೆತ್ತಿ ಬಂದು ಗೆದ್ದ. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಊರಿಗೆ ಅವನು ಕೈ ಹಚ್ಚಲಿಲ್ಲ. ಈ ಗುಡಿಯ ಸಂಪತ್ತನ್ನೆಲ್ಲ ನೋಡಿ, ತಿರುಗಿ ದೇವರಿಗೇ ಒಪ್ಪಿಸಿದ. ಕಂಬದ ಮೇಲಿರುವುದು ಅದೇ ಸುದ್ದಿ. ಕೊನೆಯಲ್ಲಿ ಎಲ್ಲ ಶಾಸನಗಳ ಹಾಗೆ ಒಂದು ಶಾಪ: ಈ ಅಕ್ಷರ ಅಳಿಸಿದವರು ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರು ಹೋಗುವ ಲೋಕಕ್ಕೆ ಹೋಗಲಿ ಅಂತ. ಮಯೂರಶರ್ಮ ಓದಲು ಬಂದಿದ್ದು ಇಂಥ ಘಟಿಕೆಗೇ. ನಾಲ್ಕು ಶತಮಾನ ಕಳೆದರೂ ಆ ಹೆಸರಿಗೆ ಇದ್ದ ತೂಕ ನೋಡಿ.

ಪಟ್ಟದಕಲ್ಲು ನೋಡಿದವರಿಗೆ ಇಲ್ಲಿ ಇನ್ನೊಂದು ಖುಷಿ ಇದೆ. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಗಂಡ ಕಂಚಿ ಗೆದ್ದ ನೆನಪಿಗೆ ಅಲ್ಲಿ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷದ ಪ್ರಾಕಾರದಲ್ಲೂ ಗೋಡೆಗಂಟಿದ ಪುಟ್ಟ ಗುಡಿಗಳಿವೆ, ಶಿಖರವೂ ಇದೇ ಧಾಟಿ. ಫೋನಿನಲ್ಲಿ ಪಟ್ಟದಕಲ್ಲಿನ ಫೋಟೋ ಇದ್ದರೆ ತೆಗೆದು ಪಕ್ಕದಲ್ಲಿ ಹಿಡಿದು ನೋಡಿ. ಗೆದ್ದವರು ಕಂಚಿಯಿಂದ ಊರಿಗೆ ಒಯ್ದದ್ದು ಕಟ್ಟುವ ಕಲೆಯನ್ನು.

ಕಡೆಗೆ ಗರ್ಭಗುಡಿ. ಹದಿನಾರು ಪಟ್ಟಿಯ ದೊಡ್ಡ ಲಿಂಗ. ಸುತ್ತಲೂ ಕಿರಿದಾದ ಪ್ರದಕ್ಷಿಣೆ ಇದೆ, ತೆವಳಿಕೊಂಡೇ ಒಳಗೆ ಹೋಗಿ ತೆವಳಿಕೊಂಡೇ ಹೊರಗೆ ಬರಬೇಕು. ಸುತ್ತಿ ಬಂದರೆ ಮರುಜನ್ಮ ಇಲ್ಲ ಎಂಬ ನಂಬಿಕೆ. ಮಂಡಿ ನೋವಿದ್ದವರು, ಇಕ್ಕಟ್ಟಿಗೆ ಹೆದರುವವರು ಈ ಜನ್ಮವನ್ನು ಕಾಪಾಡಿಕೊಳ್ಳುವುದು ಒಳ್ಳೆಯದು. ಇಲ್ಲಿಗೆ ಒಂದೂವರೆ ಗಂಟೆ ಇಡಿ.

ಏಕಾಂಬರನಾಥ

ಕೈಲಾಸನಾಥದಿಂದ ಹೊರಟು ಆಟೋದಲ್ಲಿ ಐದು ನಿಮಿಷ. ದೂರದಿಂದಲೇ ರಾಜಗೋಪುರ ಕಾಣುತ್ತದೆ. ಸುಮಾರು 190 ಅಡಿ ಎತ್ತರ, 1509ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ಅವನು ಪಟ್ಟಕ್ಕೆ ಬಂದ ಹೊಸತು ಅದು. ಪಲ್ಲವರ ಪುಟ್ಟ ಗುಡಿ ನೋಡಿಕೊಂಡು ಬಂದ ಕಣ್ಣಿಗೆ ಎಂಟು ಶತಮಾನದಲ್ಲಿ ದೇವಸ್ಥಾನ ಎಷ್ಟು ದೊಡ್ಡದಾಗಿ ಬೆಳೆಯಿತು ಅನ್ನುವುದು ತಾನೇ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ಕೈಲಾಸನಾಥವನ್ನು ಮೊದಲು ನೋಡಿ ಎಂದಿದ್ದು.

ಪಂಚಭೂತ ಲಿಂಗಗಳಲ್ಲಿ ಇದು ಪೃಥ್ವಿ ಲಿಂಗ. ಮಣ್ಣಿನದ್ದಾದ್ದರಿಂದ ಲಿಂಗಕ್ಕೆ ನೀರಿನ ಅಭಿಷೇಕ ಇಲ್ಲ. ಉದ್ದನೆಯ ಕಂಬದ ಸಾಲು, ಗೋಡೆಗುಂಟ ಸಾಲು ಲಿಂಗಗಳು, ಹಿಂದೆ ಮಾವಿನ ಮರ. ಮರಕ್ಕೆ 3,500 ವರ್ಷ ಎನ್ನುತ್ತಾರೆ, ನಾಲ್ಕು ಕೊಂಬೆಯ ಹಣ್ಣಿಗೆ ನಾಲ್ಕು ರುಚಿ ಎನ್ನುತ್ತಾರೆ. ಪಾರ್ವತಿ ತಪಸ್ಸು ಮಾಡಿದ್ದು ಮಾವಿನ ಮರದ ಕೆಳಗೆ ಅನ್ನುವುದು ಸ್ಥಳಪುರಾಣ. ಅಲ್ಲಲ್ಲಿ ನಿಲ್ಲಿಸಿ ವಿಶೇಷ ಪೂಜೆ ಮಾಡಿಸಿ ಎಂದು ಕರೆಯುವವರಿದ್ದಾರೆ. ಬೇಕಿದ್ದರೆ ಕೌಂಟರಿನಲ್ಲಿ ಚೀಟಿ ಬರೆಸಿ, ಬೇಡವಾದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಸಮಯ ಉಳಿದರೆ ದಾರಿಯಲ್ಲೇ ಕುಮಾರಕೋಟ್ಟಂ ನೋಡಬಹುದು, ಸುಬ್ರಹ್ಮಣ್ಯನ ಗುಡಿ. ಏಕಾಂಬರನಾಥ ಮತ್ತು ಕಾಮಾಕ್ಷಿಯ ನಡುವೆ ಇದೆ, ಅಪ್ಪ ಅಮ್ಮನ ಮಧ್ಯೆ ಮಗ ಕೂತ ಹಾಗೆ. ಪಲ್ಲವರ ಗುಡಿಗಳಲ್ಲಿ ಲಿಂಗದ ಹಿಂದಿನ ಗೋಡೆಯಲ್ಲಿ ಕಾಣುವ ಸೋಮಾಸ್ಕಂದ ಶಿಲ್ಪದಲ್ಲೂ ಶಿವ, ಉಮೆ, ನಡುವೆ ಮಗು. ಕೈಲಾಸನಾಥದಲ್ಲಿ ಆಗಲೇ ನೋಡಿರುತ್ತೀರಿ.

ಮಧ್ಯಾಹ್ನ: ಸೀರೆ ಕೊಳ್ಳುವ ಮೊದಲು ಮಗ್ಗ ನೋಡಿ

ಊಟ ಆದ ಮೇಲೆ ಅಂಗಡಿಗೆ ಹೋಗುವ ಮುನ್ನ ನೇಕಾರರ ಬೀದಿಗೆ ಹೋಗಿ. ತಂಗಿರುವ ಹೋಟೆಲಿನಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯ ಮುಂಭಾಗದಲ್ಲೇ ಮಗ್ಗ ಇರುತ್ತದೆ, ಲಟಲಟ ಸದ್ದು ಬೀದಿಗೆ ಕೇಳುತ್ತದೆ. ಬಾಗಿಲಲ್ಲಿ ನಿಂತು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ನೋಡಬೇಕಾದದ್ದು ಕೊರ್ವೈ. ಕಂಚಿ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುತ್ತದಲ್ಲ, ಅದು ಒಂದೇ ಲಾಳಿಯಲ್ಲಿ ಬರುವುದಿಲ್ಲ. ಮೂರು ಲಾಳಿ ಓಡುತ್ತವೆ. ಎರಡು ಅಂಚಿಗೆ, ಒಂದು ಒಡಲಿಗೆ. ನೇಯುವವರ ಪಕ್ಕ ಇನ್ನೊಬ್ಬರು ಕೂತಿರುತ್ತಾರೆ, ಮನೆಯವರೇ ಯಾರಾದರೂ. ಒಡಲಿನ ಲಾಳಿ ಬಂದು ನಿಂತ ಕ್ಷಣ ಅವರು ಅಂಚಿನ ಲಾಳಿಯನ್ನು ತೂರಿಸುತ್ತಾರೆ, ಎರಡು ಬಣ್ಣದ ಹೊಕ್ಕು ಒಂದರೊಳಗೊಂದು ಕೊಂಡಿ ಹಾಕಿಕೊಳ್ಳುತ್ತದೆ. ಮತ್ತೆ ಹಲಗೆ ಬಡಿತ. ಪ್ರತಿ ಎಳೆಗೂ ಇಷ್ಟು ಕೆಲಸ. ಸೆರಗಿನ ಬಣ್ಣ ಬೇರೆಯಾದರೆ ಅಲ್ಲಿ ಹಾಸಿನ ಎಳೆಗಳನ್ನೇ ಒಂದೊಂದಾಗಿ ಹೊಸ ಎಳೆಗೆ ಸೇರಿಸುತ್ತಾರೆ. ಅದಕ್ಕೆ ಪೇಟ್ನಿ ಎನ್ನುತ್ತಾರೆ. ಸೇರಿದ ಜಾಗದಲ್ಲಿ ಅಂಕುಡೊಂಕಾದ ಸಣ್ಣ ಪಟ್ಟಿ ಕಾಣುತ್ತದೆ.

ಇದನ್ನು ಅರ್ಧ ಗಂಟೆ ಕೂತು ನೋಡಿದರೆ ಸೀರೆ ಆರಿಸುವುದು ಸುಲಭ. ಅಂಗಡಿಯಲ್ಲಿ ಸೀರೆಯನ್ನು ತಿರುಗಿಸಿ ಹಿಂಬದಿ ನೋಡಿ, ಒಡಲು ಮತ್ತು ಅಂಚು ಕೂಡುವ ಕಡೆ ಎಳೆಗಳು ಕೊಂಡಿ ಹಾಕಿಕೊಂಡಿವೆಯೇ ಎಂದು. ಜರಿಯ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಲು ಕೇಳಿ. ಅಸಲಿ ಜರಿಯ ಒಳಗೆ ರೇಷ್ಮೆ ಎಳೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಅದಕ್ಕೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಪ್ಲಾಸ್ಟಿಕ್ಕಿನ ಹಾಗೆ ಕರಗಿ ಉಂಡೆಯಾಗಬಾರದು. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಅಸಲಿ ಅನ್ನುತ್ತದೆ, ಕೈಮಗ್ಗದ್ದು ಅನ್ನುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮೊದಲ ಸಲ ಕೊಳ್ಳುವವರು ನೇಕಾರರ ಸಹಕಾರ ಸಂಘದ ಮಳಿಗೆಗೆ ಹೋಗುವುದು ಸುರಕ್ಷಿತ. ಆಯ್ಕೆ ಕಮ್ಮಿ ಇರಬಹುದು, ಮೋಸದ ಭಯವೂ ಕಮ್ಮಿ.

ಅಂದಹಾಗೆ, ಕಂಚಿ ಮಗ್ಗಕ್ಕೆ ಬರುವ ರೇಷ್ಮೆಯ ದೊಡ್ಡ ಪಾಲು ಕರ್ನಾಟಕದ್ದು. ಜರಿ ಗುಜರಾತಿನ ಸೂರತ್ತಿನದು. ನಮ್ಮ ಹಿಪ್ಪುನೇರಳೆ ತೋಟದಿಂದ ಹೊರಟದ್ದು ಇಲ್ಲಿ ಬಣ್ಣ ಹತ್ತಿಸಿಕೊಂಡು, ಜರಿ ಹಾಕಿಸಿಕೊಂಡು, ಮತ್ತೆ ನಮ್ಮೂರ ಮದುವೆ ಮನೆಗೆ ವಾಪಸ್ ಬರುತ್ತದೆ, ಅಲ್ವಾ.

ಸಂಜೆ: ವೈಕುಂಠ ಪೆರುಮಾಳ್, ಆಮೇಲೆ ಕಾಮಾಕ್ಷಿ

ವೈಕುಂಠ ಪೆರುಮಾಳ್ ದೇವಸ್ಥಾನಕ್ಕೆ ಬರುವವರು ಕಮ್ಮಿ. ಬಸ್ ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. ಬಾಗಿಲು ತೆಗೆದ ಕೂಡಲೇ ಹೋದರೆ ಬೆಳಕು ಸಿಗುತ್ತದೆ. ವಿಕ್ರಮಾದಿತ್ಯ ಸೋಲಿಸಿದ್ದು ಯಾರನ್ನೋ, ಆ ನಂದಿವರ್ಮ ಪಲ್ಲವಮಲ್ಲನೇ ಇದನ್ನು ಕಟ್ಟಿಸಿದವನು. ಮೂರು ಅಂತಸ್ತಿನ ಗರ್ಭಗುಡಿ. ವಿಷ್ಣು ಕೂತ, ಮಲಗಿದ, ನಿಂತ ಮೂರು ಭಂಗಿಯಲ್ಲಿ ಮೂರು ಅಂತಸ್ತಿನಲ್ಲಿದ್ದಾನೆ. ಮೇಲಿನವಕ್ಕೆ ಎಲ್ಲ ದಿನ ಬಿಡುವುದಿಲ್ಲ.

ಇಲ್ಲಿನ ವಿಶೇಷ ಸುತ್ತಿನ ಪಡಸಾಲೆ. ಸಿಂಹದ ಕಂಬಗಳ ಹಿಂದಿನ ಗೋಡೆಯಲ್ಲಿ ಸಾಲು ಸಾಲಾಗಿ ಪಲ್ಲವರ ಇತಿಹಾಸ ಕೆತ್ತಿದೆ. ದೇವರ ಕತೆಯಲ್ಲ, ರಾಜರ ಕತೆ. ಪಟ್ಟಾಭಿಷೇಕ, ಯುದ್ಧ, ಆನೆ, ರಾಯಭಾರಿಗಳು. ಒಂದು ಕಡೆ ಈ ನಂದಿವರ್ಮನದೇ ಕತೆ ಬರುತ್ತದೆ. ಕಂಚಿಯ ರಾಜ ಮಕ್ಕಳಿಲ್ಲದೆ ಸತ್ತಾಗ ಊರಿನ ಪ್ರಮುಖರು, ಘಟಿಕೆಯವರು ಸೇರಿಕೊಂಡು ದೂರದ ದಾಯಾದಿ ಹಿರಣ್ಯವರ್ಮನ ಹತ್ತಿರ ಹೋಗುತ್ತಾರೆ. ಅವನ ಹನ್ನೆರಡು ವರ್ಷದ ಮಗನನ್ನು ಕರೆತಂದು ಪಟ್ಟ ಕಟ್ಟುತ್ತಾರೆ. ಕೆಲವು ಚಿತ್ರಗಳ ಜೊತೆ ತಮಿಳಿನಲ್ಲಿ ವಿವರಣೆಯೂ ಇದೆ. ಕಲ್ಲು ತುಂಬ ಸವೆದಿದೆ. ಅವಸರ ಮಾಡದೆ ಒಂದೊಂದರ ಮುಂದೆ ನಿಂತರೆ ಮಾತ್ರ ಯಾರು ಕೂತಿದ್ದಾರೆ, ಯಾರು ಕೈಮುಗಿದಿದ್ದಾರೆ ಎಂದು ತಿಳಿಯುತ್ತದೆ.

ದೀಪ ಹಚ್ಚುವ ಹೊತ್ತಿಗೆ ಕಾಮಾಕ್ಷಿ. ಕಬ್ಬಿನ ಬಿಲ್ಲು, ಹೂವಿನ ಬಾಣ, ಪಾಶ, ಅಂಕುಶ ಹಿಡಿದು ಪದ್ಮಾಸನದಲ್ಲಿ ಕೂತ ದೇವಿ, ಮುಂದೆ ಶ್ರೀಚಕ್ರ. ಕಂಚಿಯ ಶಿವಾಲಯಗಳಲ್ಲಿ ಅಮ್ಮನವರಿಗೆ ಬೇರೆ ಗುಡಿ ಇರುವುದಿಲ್ಲ, ಊರಿಗೆಲ್ಲ ಇವಳೊಬ್ಬಳೇ ಎನ್ನುತ್ತಾರೆ. ಶುಕ್ರವಾರ ಮತ್ತು ಹುಣ್ಣಿಮೆ ದಿನ ಸಾಲು ಬಹಳ ಉದ್ದ. ಬೇರೆ ದಿನ ಅರ್ಧ ಗಂಟೆಯಲ್ಲಿ ದರ್ಶನ ಆದರೂ ಆಯಿತು. ದರ್ಶನದ ನಂತರ ಕೊಳದ ಪಕ್ಕ ಸ್ವಲ್ಪ ಹೊತ್ತು ಕೂತು ಬನ್ನಿ.

ಪಕ್ಕದಲ್ಲೇ ಉಲಗಳಂದ ಪೆರುಮಾಳ್ ಇದ್ದಾನೆ. ಲೋಕ ಅಳೆದ ತ್ರಿವಿಕ್ರಮ, ಸುಮಾರು 35 ಅಡಿ ಎತ್ತರ. ಕತ್ತಲೆ ಗರ್ಭಗುಡಿಯಲ್ಲಿ ಅರ್ಚಕರು ಉದ್ದನೆಯ ಕೋಲಿಗೆ ಕಟ್ಟಿದ ದೀಪ ಎತ್ತಿ ಮುಖ ತೋರಿಸುತ್ತಾರೆ. ಕಾಲು ಗಂಟೆಯ ಕೆಲಸ, ಬಿಡಬೇಡಿ.

ಎರಡನೇ ದಿನ: ವರದರಾಜ

ಬೆಳಿಗ್ಗೆ ಏಳರೊಳಗೆ ವಿಷ್ಣುಕಂಚಿಯಲ್ಲಿರಿ. ವರದರಾಜ ಇರುವುದು ಹಸ್ತಿಗಿರಿ ಎಂಬ ಸಣ್ಣ ದಿಬ್ಬದ ಮೇಲೆ, 24 ಮೆಟ್ಟಿಲು ಹತ್ತಬೇಕು. ರಾಮಾನುಜರು ಮೇಲುಕೋಟೆಗೆ ಬರುವ ಎಷ್ಟೋ ಮುಂಚೆ ಓದಿದ್ದು ಕಂಚಿಯಲ್ಲಿ, ಈ ದೇವರಿಗೆ ದಿನಾ ನೀರು ಹೊತ್ತು ತಂದರು ಎನ್ನುವ ಕತೆ ಇದೆ. ಅವರು ಹುಟ್ಟಿದ ಶ್ರೀಪೆರಂಬುದೂರು ಇದೇ ಜಿಲ್ಲೆಯಲ್ಲಿದೆ. ಅವರಿಗೆ ಆಶ್ರಯ ಕೊಟ್ಟ ಹೊಯ್ಸಳ ವಿಷ್ಣುವರ್ಧನ ತನ್ನನ್ನು ‘ಕಂಚಿಗೊಂಡ’ ಎಂದು ಕರೆದುಕೊಂಡವನು.

ಹಲ್ಲಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅದನ್ನು ಬಿಟ್ಟರೆ ಮನೆಯಲ್ಲಿ ಹಿರಿಯರು ಸುಮ್ಮನಿರುವುದಿಲ್ಲ. ಬಂಗಾರದ್ದೊಂದು, ಬೆಳ್ಳಿಯದ್ದೊಂದು, ಛಾವಣಿಯಲ್ಲಿವೆ. ಮುಟ್ಟಿ ಬಂದರೆ ಮೈಮೇಲೆ ಹಲ್ಲಿ ಬಿದ್ದ ದೋಷ ತಟ್ಟುವುದಿಲ್ಲ ಎಂಬ ನಂಬಿಕೆ. ಮುಟ್ಟಿ ಬಂದವರನ್ನು ಮುಟ್ಟಿದರೂ ಆಯ್ತು ಎನ್ನುವವರು ನಮ್ಮ ಕಡೆ ತುಂಬ ಜನ.

ಹಲ್ಲಿ ಮುಗಿಸಿ ನೂರು ಕಾಲಿನ ಮಂಟಪಕ್ಕೆ ಬನ್ನಿ. ಎಣಿಸಿದರೆ 96 ಕಂಬ. ವಿಜಯನಗರದ ಕಾಲದ್ದು. ಹಂಪಿಯ ವಿಠ್ಠಲ ದೇವಸ್ಥಾನ ನೋಡಿದವರಿಗೆ ಈ ಕುದುರೆ ಸವಾರರ ಕಂಬಗಳು ಹಳೆಯ ಪರಿಚಯ. ಮಂಟಪದ ಮೂಲೆಯಲ್ಲಿ ಸೂರಿನಿಂದ ಕಲ್ಲಿನ ಸರಪಳಿ ಇಳಿಬಿದ್ದಿದೆ. ಕೊಂಡಿಗಳನ್ನು ಬೇರೆ ಮಾಡಿ ಜೋಡಿಸಿದ್ದಲ್ಲ. ಒಂದೇ ಕಲ್ಲಿನಲ್ಲಿ ಕಡೆದದ್ದು. ಕೆಳಗೆ ನಿಂತು ಮೇಲೆ ನೋಡಿ, ಸೂರು ಮತ್ತು ಮೊದಲ ಕೊಂಡಿ ಎಲ್ಲೂ ಸೇರುವ ಗೆರೆ ಕಾಣುವುದಿಲ್ಲ.

ಮಂಟಪದ ಆಚೆಗೆ ಅನಂತಸರಸ್ಸು, ಕೊಳ. ಅತ್ತಿ ಮರದ ವರದರಾಜನ ಮೂರ್ತಿ ನೀರಿನಡಿ ಇರುವುದು ಇಲ್ಲೇ. 40 ವರ್ಷಕ್ಕೊಮ್ಮೆ ಹೊರತೆಗೆದು 48 ದಿನ ದರ್ಶನಕ್ಕೆ ಇಡುತ್ತಾರೆ, ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ. 1979ರ ನಂತರ 2019ರಲ್ಲಿ ತೆಗೆದಿದ್ದರು, ಕಾಲಿಡಲು ಜಾಗವಿಲ್ಲದಷ್ಟು ಜನ ಬಂದಿದ್ದರು. ಇನ್ನು 2059ಕ್ಕೆ. ಈಗ ನೀರು ಮಾತ್ರ ನೋಡಬಹುದು.

ತಿಂಡಿಗೆ ಕಂಚಿ ಇಡ್ಲಿ. ಇದು ಮೊದಲಿನಿಂದ ವರದರಾಜನ ನೈವೇದ್ಯ. ಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಹಿಟ್ಟು ಸುರಿದು ಗಂಟೆಗಟ್ಟಲೆ ಆವಿಯಲ್ಲಿ ಬೇಯಿಸುತ್ತಾರೆ. ಮೆಣಸು, ಜೀರಿಗೆ, ಶುಂಠಿಯ ಘಾಟು, ತುಪ್ಪದ ವಾಸನೆ. ನಮ್ಮ ಮಲ್ಲಿಗೆ ಇಡ್ಲಿಯ ಮೆತ್ತಗಿರುವಿಕೆ ನಿರೀಕ್ಷಿಸಬೇಡಿ. ಸ್ವಲ್ಪ ಗಟ್ಟಿ, ಒರಟು. ದೇವಸ್ಥಾನದ ಪ್ರಸಾದದ ಕೌಂಟರಿನಲ್ಲಿ ಇದ್ದರೆ ಅಲ್ಲೇ ತಗೊಳ್ಳಿ. ಹೋಟೆಲಿನಲ್ಲಿ ಲೋಟಕ್ಕೆ ಹೊಯ್ದು ಬೇಯಿಸಿದ್ದು ಬೇರೆಯದೇ ರುಚಿ.

ಜಿನಕಂಚಿ

ವರದರಾಜನಿಂದ ಹತ್ತಕ್ಕೆ ಹೊರಟರೆ ತಿರುಪ್ಪರುತ್ತಿಕುಂಡ್ರಂಗೆ ಸಮಯ ಸಿಗುತ್ತದೆ. ಆಟೋದವರಿಗೆ “ಜೈನ ಕೋವಿಲ್” ಎನ್ನಿ. ಹಳ್ಳಿಯ ಬೀದಿ, ಸದ್ದಿಲ್ಲದ ಜಾಗ. ಬಾಗಿಲು ಹಾಕಿದ್ದರೆ ಅಕ್ಕಪಕ್ಕ ವಿಚಾರಿಸಿ, ನೋಡಿಕೊಳ್ಳುವವರು ಹತ್ತಿರದಲ್ಲೇ ಇರುತ್ತಾರೆ. ಎರಡು ಗುಡಿಗಳಿವೆ. ಚಂದ್ರಪ್ರಭನದು ಚಿಕ್ಕದು, ತ್ರೈಲೋಕ್ಯನಾಥ ವರ್ಧಮಾನನದು ದೊಡ್ಡದು.

ದೊಡ್ಡ ಗುಡಿಯ ಸಂಗೀತ ಮಂಟಪವನ್ನು 1387ರಲ್ಲಿ ಕಟ್ಟಿಸಿದವನು ಇರುಗಪ್ಪ, ಇಮ್ಮಡಿ ಹರಿಹರನ ದಂಡನಾಯಕ. ಹಂಪಿಯಲ್ಲಿ ಗಾಣಗಿತ್ತಿ ದೇವಸ್ಥಾನ ಎಂದು ಕರೆಯುವ ಬಸದಿ ಇದೆಯಲ್ಲ, ಅದೂ ಅವನದೇ. ಅಂದರೆ ಎರಡು ವರ್ಷದ ಅಂತರದಲ್ಲಿ ಒಂದು ಹಂಪಿಯಲ್ಲಿ, ಒಂದು ಕಂಚಿಯಲ್ಲಿ. ಇಲ್ಲಿ ತಲೆ ಎತ್ತಿ ಛಾವಣಿ ನೋಡಿ. ಸಾಲು ಸಾಲು ಬಣ್ಣದ ಚಿತ್ರ, ವೃಷಭನಾಥನ ಕತೆ, ವರ್ಧಮಾನನ ಕತೆ. ನಡುವೆ ಕೃಷ್ಣನೂ ಬರುತ್ತಾನೆ. ತಬ್ಬಿಬ್ಬಾಗಬೇಡಿ, ಜೈನರ ಕತೆಯಲ್ಲಿ ಅವನು ನೇಮಿನಾಥ ತೀರ್ಥಂಕರನ ದಾಯಾದಿ. ವಿಜಯನಗರದ ಕಾಲದಿಂದ ಶುರುವಾಗಿ ಆಮೇಲೂ ಬಣ್ಣ ಹಚ್ಚುತ್ತ ಬಂದಿದ್ದಾರೆ. ಕತ್ತು ನೋವು ಬಂದರೆ ಹೊರಗೆ ಅಂಗಳದ ಮರದ ನೆರಳಲ್ಲಿ ಕೂತು, ಮತ್ತೆ ಒಳಗೆ ಬನ್ನಿ. ನನ್ನ ಕೇಳಿದರೆ ಕಂಚಿಯಲ್ಲಿ ಕೈಲಾಸನಾಥದ ನಂತರದ ಜಾಗ ಇದಕ್ಕೇ ಕೊಡುತ್ತೇನೆ.

ಮಧ್ಯಾಹ್ನ ಉತ್ತಿರಮೇರೂರು

ಇನ್ನು ಜಿಲ್ಲೆಯ ಒಳಗೊಂದು ಸುತ್ತು. ಕಂಚಿಯಿಂದ ಉತ್ತಿರಮೇರೂರಿಗೆ ಸುಮಾರು 30 ಕಿಲೋಮೀಟರ್, ಬಸ್ಸೂ ಇದೆ. ಅಲ್ಲಿನ ವೈಕುಂಠ ಪೆರುಮಾಳ್ ದೇವಸ್ಥಾನದ ಹೊರಗೋಡೆಯ ಮೇಲೆ ಚೋಳರ ಮೊದಲನೇ ಪರಾಂತಕನ ಕಾಲದ ಶಾಸನಗಳಿವೆ, 919 ಮತ್ತು 921ರ ಸುಮಾರಿನವು. ಊರ ಸಭೆಗೆ ಚುನಾವಣೆ ಹೇಗೆ ನಡೆಸಬೇಕು ಎಂಬ ನಿಯಮ ಅದು. ಊರನ್ನು 30 ವಾರ್ಡ್ ಮಾಡಿ, ಅರ್ಹರ ಹೆಸರನ್ನು ತಾಳೆಗರಿಯ ಮೇಲೆ ಬರೆದು ಮಡಕೆಗೆ ಹಾಕುತ್ತಿದ್ದರು. ಸಣ್ಣ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ವಯಸ್ಸು 35ರಿಂದ 70. ಸ್ವಂತ ಜಾಗದಲ್ಲಿ ಮನೆ, ಕಂದಾಯ ಕಟ್ಟುವ ಜಮೀನು, ವೇದದ ಓದು ಇರಬೇಕು. ಎಲ್ಲರಿಗೂ ಬಾಗಿಲು ತೆರೆದ ವ್ಯವಸ್ಥೆ ಅದಲ್ಲ, ಬ್ರಾಹ್ಮಣರ ಅಗ್ರಹಾರದ ಸಭೆ. ಆದರೂ ಒಂದು ನಿಯಮ ಓದಿ ನಗು ಬರದೇ ಇರದು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನು ನಿಲ್ಲುವ ಹಾಗಿಲ್ಲ, ಅವನ ನೆಂಟರಿಷ್ಟರೂ ನಿಲ್ಲುವ ಹಾಗಿಲ್ಲ.

ಅಕ್ಷರಗಳು ಹಳೆಯ ತಮಿಳು, ಗ್ರಂಥ ಲಿಪಿಯಲ್ಲಿವೆ. ಗೋಡೆಯ ತುಂಬ ಒತ್ತೊತ್ತಾಗಿ. ಅದೇ ಊರಿನ ಸುಂದರ ವರದರಾಜ ಪೆರುಮಾಳ್ ಗುಡಿಯೂ ಮೂರು ಅಂತಸ್ತಿನದು, ಸಂಜೆ ನಾಲ್ಕರ ಮೇಲೆ ತೆಗೆಯುತ್ತಾರೆ.

ವಾಪಸ್ಸು ಬರುವ ದಾರಿ

ಚೆನ್ನೈ ಕಡೆ ಹೋಗುವವರು ಶ್ರೀಪೆರಂಬುದೂರಿನಲ್ಲಿ ರಾಮಾನುಜರ ಆದಿಕೇಶವ ಪೆರುಮಾಳ್ ದೇವಸ್ಥಾನ ನೋಡಿಕೊಂಡು ಹೋಗಬಹುದು, ದಾರಿಯಲ್ಲೇ ಸಿಗುತ್ತದೆ. ರಾಜೀವ್ ಗಾಂಧಿ ಸ್ಮಾರಕವೂ ಆ ಊರಲ್ಲೇ.

ಬೆಂಗಳೂರಿಗೆ ರೈಲಿನಲ್ಲಿ ಮರಳುವವರು ಅರಕ್ಕೋಣಂ ಗಾಡಿ ಹತ್ತಿ ಎಡಬಲ ನೋಡುತ್ತಿರಿ. ಅರಕ್ಕೋಣಂಗೆ ಸ್ವಲ್ಪ ಮೊದಲು ತಕ್ಕೋಲಂ ಎಂಬ ಪುಟ್ಟ ನಿಲ್ದಾಣ ಬರುತ್ತದೆ. 949ರಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ್ದು ಇಲ್ಲೇ. ಗಂಗರ ಬೂತುಗ ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಈ ಯುದ್ಧದ ಸುದ್ದಿ ನಮಗೆ ಸಿಗುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ. ಆ ಕಲ್ಲು ನಿಲ್ಲಿಸಿದ್ದು ಕಾಳಿ ಎಂಬ ನಾಯಿಗಾಗಿ. ಬೂತುಗನ ಸೇವಕ ಮಣಲೇರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬೇರೇನೂ ಕೇಳದೆ ಈ ನಾಯಿಯನ್ನು ಕೇಳಿ ಪಡೆದಿದ್ದ. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿ ಹಂದಿಯ ಮೇಲೆ ಎಗರುತ್ತಿರುವ ಚಿತ್ರ ಮೇಲ್ಭಾಗದಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಒಂದು ಭಾನುವಾರ ಅದಕ್ಕೂ ಇಟ್ಟುಕೊಳ್ಳಿ, ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲು ವಿಚಾರಿಸಿಕೊಂಡು.